ಜಗಲಿ ಮರೆತ ಕರಾರುಪತ್ರ

ಈಗ ಮಳಿಗೆ ಬಾಡಿಗೆಯ ವ್ಯವಹಾರಕ್ಕೆ ಇಳಿಯುವ ಹುಡುಗರು ಆಗಾಗ ನನ್ನನ್ನು ಹುಡುಕಿಕೊಂಡು ಬಂದು, ‘ನಿಮ್ಮ ಕಾಲದಲ್ಲಿ ಈ ಕೆಲಸ ಹೇಗಿತ್ತು ಸಾರ್?’ ಎಂದು ಕೇಳುತ್ತಾರೆ. ಹೇಗಿತ್ತು ಎಂದರೆ, ಬೈಸಿಕೊಳ್ಳುವ ಕೆಲಸ. ಬಾಡಿಗೆದಾರನನ್ನು ಬೈಯಲು ಧೈರ್ಯ ಸಾಲದ ಮಾಲೀಕ ನನ್ನನ್ನು ಬೈಯುತ್ತಿದ್ದ. ಮಾಲೀಕನಿಗೆ ಹೆದರುವ ಬಾಡಿಗೆದಾರನೂ ನನ್ನನ್ನೇ ಬೈಯುತ್ತಿದ್ದ. ನಾನೇನು ಬಾಯಿ ಮುಚ್ಚಿಕೊಂಡಿರುವ ಆಸಾಮಿಯಲ್ಲ, ಇಬ್ಬರಿಗೂ ತಿರುಗಿಸಿ ಕೊಡುತ್ತಿದ್ದೆ. ಆದರೂ ಕೆಲಸ ಉಳಿಯಿತು, ಏಕೆಂದರೆ ಆ ಸಂಬಳಕ್ಕೆ ಇನ್ನೊಬ್ಬ ಸಿಗುತ್ತಿರಲಿಲ್ಲ.

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಈ ನಾಲ್ಕು ಊರುಗಳಲ್ಲಿ ಅಂಗಡಿ ಮಳಿಗೆ ಕಟ್ಟಿಸಿ ಬಾಡಿಗೆಗೆ ಕೊಟ್ಟವರು ಸೇರಿ ಮಾಡಿಕೊಂಡ ಸಂಘಕ್ಕೆ ನಾನು ಸಂಬಳದ ಕಾರ್ಯದರ್ಶಿ. ಹೆಸರು ಸೀತಾರಾಮಯ್ಯ. ಚಿಂತಾಮಣಿಯವರ ಬಾಯಲ್ಲಿ ಸೀತಾರಾಮಪ್ಪ. ಕಚೇರಿ ಎಂದರೆ ಚಿಕ್ಕಬಳ್ಳಾಪುರದ ಬಜಾರಿನಲ್ಲಿ ಬೆಲ್ಲದ ಮಂಡಿಯ ಮೇಲಿನ ಒಂದು ಕೋಣೆ. ಮೇಜಿನ ಮೇಲೆ ಕೈಯಿಟ್ಟರೆ ಅಂಟುತ್ತಿತ್ತು. ಸಭೆಗೆ ಸದಸ್ಯರು ಬರದಿದ್ದರೂ ನೊಣಗಳು ತಪ್ಪದೆ ಹಾಜರಿ ಹಾಕುತ್ತಿದ್ದವು.

ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ಸಣ್ಣ ರೈಲು. ಆ ರೈಲಿನ ವೇಗ ಹೇಗಿತ್ತೆಂದರೆ, ಹೆಗಲ ಮೇಲಿನ ಟವಲು ಕಿಟಕಿಯಿಂದ ಹಾರಿ ಬಿದ್ದರೆ ಇಳಿದು ಹೋಗಿ ಎತ್ತಿಕೊಂಡು, ಕೊಡವಿ, ಮತ್ತೆ ಓಡಿ ಬಂದು ಹತ್ತಬಹುದಿತ್ತು. ಗೌರಿಬಿದನೂರಿಗೆ ಬಸ್ಸು. ಅದು ಹೊರಡುವುದು ಕಂಡಕ್ಟರನ ಇಷ್ಟ, ತಲುಪುವುದು ದೇವರ ಇಷ್ಟ. ನನ್ನ ನೌಕರಿಯ ಅರ್ಧ ಆಯುಸ್ಸು ಹೀಗೆ ಕಾಯುವುದರಲ್ಲೇ ಕಳೆಯಿತು.

ನಾನು ಸೇರಿದಾಗ ಇದ್ದ ಅಧ್ಯಕ್ಷರು ತುಂಬ ಹಳಬರು. ಸಭೆ ಎಂದರೆ ಉಪ್ಪಿಟ್ಟು, ಕಾಫಿ, ತೀರಿಕೊಂಡ ಸದಸ್ಯರಿಗೆ ಸಂತಾಪ. ಕೊನೆಗೆ ಅವರಿಗೇ ಸಂತಾಪ ಸೂಚಿಸಿ ಸಭೆ ಮುಗಿಸಿದೆವು. ಆಮೇಲೆ ಬಂದವರು ಅಶ್ವತ್ಥ ಶೆಟ್ಟರು. ನಾನು ಹೇಳಹೊರಟಿರುವುದು ಇವರ ವಿಚಾರ.

ಅದಕ್ಕೆ ಮೊದಲು ಆಗಿನ ಕಾಲದಲ್ಲಿ ಮಳಿಗೆ ಕೊಡುತ್ತಿದ್ದ ಪದ್ಧತಿಯನ್ನು ಹೇಳಬೇಕು. ಕಾಗದವಿಲ್ಲ, ಅಳತೆಯಿಲ್ಲ. ಒಳ್ಳೆಯ ದಿನ ನೋಡಿ ಮಾಲೀಕ ಅಂಗಡಿಯ ಹೊಸಿಲಿನ ಒಳಗೆ ನಿಲ್ಲುತ್ತಿದ್ದ, ಬಾಡಿಗೆಗೆ ಬರುವವನು ಹೊರಗೆ ನಿಲ್ಲುತ್ತಿದ್ದ. ವೀಳ್ಯದೆಲೆ ಅಡಿಕೆಯ ಮೇಲೆ ಬೀಗದ ಕೈ ಇಟ್ಟು ಕೊಡುವುದು. ಕೊಡುವಾಗ ಮಾಲೀಕ ಒಂದು ಮಾತು ಹೇಳಲೇಬೇಕು: ‘ಹೊಸಿಲೊಳಗೆ ನಿಂದು, ಹೊಸಿಲಾಚೆ ಊರಿಂದು.’ ಹೊಸಿಲಾಚೆ ಎಂದರೆ ಜಗಲಿ. ಪ್ರತಿ ಜಗಲಿಯ ಮೇಲೂ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಒಂದು ಕಡೆ ದರ್ಜಿ, ಇನ್ನೊಂದು ಕಡೆ ಚಪ್ಪಲಿ ಹೊಲಿಯುವವನು, ಮತ್ತೊಂದು ಕಡೆ ಕಡಲೆಕಾಯಿ ಹುರಿಯುವವಳು. ಅವರಿಗೆ ಬಾಡಿಗೆಯಿಲ್ಲ. ಅಂಗಡಿ ಕೈ ಬದಲಾದರೂ ಜಗಲಿಯವರು ಬದಲಾಗುತ್ತಿರಲಿಲ್ಲ. ಅವರನ್ನು ಏಳಿಸಿದ ಅಂಗಡಿ ಏಳಿಗೆಯಾಗುವುದಿಲ್ಲ ಎಂದು ಜನ ನಂಬಿದ್ದರು. ನಂಬದವರೂ ಸುಮ್ಮನಿರುತ್ತಿದ್ದರು.

ಅಶ್ವತ್ಥ ಶೆಟ್ಟರಿಗೆ ಆಗ ನಲವತ್ತರ ಆಸುಪಾಸು. ಮೈಸೂರಿನಲ್ಲಿ ಲಾ ಓದಿ ವಕೀಲಿ ಮಾಡದೆ, ತಂದೆ ತೀರಿಕೊಂಡ ಮೇಲೆ ಊರಿಗೆ ಬಂದು ಮನೆತನದ ವ್ಯವಹಾರ ನೋಡಿಕೊಳ್ಳುತ್ತಿದ್ದರು. ಮನೆ ಚಿಕ್ಕಬಳ್ಳಾಪುರದಲ್ಲಿ, ತಂದೆ ಕಟ್ಟಿಸಿದ ಸಾಲು ಮಳಿಗೆ ಚಿಂತಾಮಣಿಯಲ್ಲಿ. ಆ ತಂದೆಯನ್ನು ನಾಲ್ಕು ಊರಿನವರೂ ದೊಡ್ಡ ಶೆಟ್ಟರು ಎನ್ನುತ್ತಿದ್ದರು. ಅವರು ಜೋರಾಗಿ ಮಾತಾಡಿದ್ದನ್ನು ಕಂಡವರಿಲ್ಲ, ಆಡಿದ ಮಾತು ತಪ್ಪಿದ್ದನ್ನು ಕೇಳಿದವರೂ ಇಲ್ಲ. ಮಗ ಬೇರೆ ಥರದ ಮನುಷ್ಯ. ಇಸ್ತ್ರಿ ಮಾಡಿದ ಷರಟು, ಚುರುಕು ನಡಿಗೆ, ಮಾತಿಗೆ ಮುಂಚೆ ಜೇಬಿನಿಂದ ಪೆನ್ನು.

ಮೊದಲ ಸಭೆಯಲ್ಲೇ ನನ್ನಿಂದ ಕಪ್ಪು ಹಲಗೆ ತರಿಸಿದರು. ‘ನಮ್ಮಪ್ಪನ ಕಾಲದ ವ್ಯಾಪಾರ ಮುಗೀತು,’ ಎಂದರು. ‘ಪಂಪ್‌ಸೆಟ್ಟು, ಗೊಬ್ಬರ, ಔಷಧಿ ಕಂಪನಿಯವರೆಲ್ಲ ನಮ್ಮೂರುಗಳಿಗೆ ಬರ್ತಾ ಇದಾರೆ. ನಾಳೆ ಬ್ಯಾಂಕೂ ಬರ್ತವೆ. ಅವರು ನಿಮ್ಮ ವೀಳ್ಯದೆಲೆ ನೋಡಿ ಅಂಗಡಿ ಹಿಡಿಯಲ್ಲ. ಅಳತೆ ಎಷ್ಟು ಅಂತಾರೆ, ಕಾಗದ ಎಲ್ಲಿ ಅಂತಾರೆ.’ ಆಮೇಲೆ ಸೀಮೆಸುಣ್ಣದಲ್ಲಿ ತಮ್ಮ ಗುರಿಗಳನ್ನು ಬರೆದರು. ನಾಲ್ಕು ಊರಿನ ಎಲ್ಲ ಮಳಿಗೆಗಳ ಅಳತೆ ಆಗಬೇಕು. ಯಾವ ಮಳಿಗೆಯೂ ಬೀಗ ಹಾಕಿಕೊಂಡು ಬಿದ್ದಿರಬಾರದು. ಪ್ರತಿಯೊಂದು ಬಾಡಿಗೆಗೂ ಕರಾರುಪತ್ರ ಆಗಬೇಕು, ಮತ್ತು ಬರೆದದ್ದೇ ಕೊನೆ.

‘ಮದುವೇಗೇ ಕಾಗದ ಬರ್ಸಿಲ್ಲ, ಅಂಗಡಿಗ್ಯಾಕಪ್ಪ?’ ಎಂದ ಹಿಂದಿನ ಸಾಲಿನಿಂದ ಒಬ್ಬ. ಎಲ್ಲರೂ ನಕ್ಕರು. ಶೆಟ್ಟರೂ ನಕ್ಕರು. ಆದರೆ ಶಿಡ್ಲಘಟ್ಟದ ಹಿರಿಯ ಸದಸ್ಯರೊಬ್ಬರು ನಗಲಿಲ್ಲ. ‘ಕಾಗದ ಕೇಳೋದು ಅಂದ್ರೆ, ನಿನ್ನ ಮಾತು ನಂಬಲ್ಲ ಕಣಯ್ಯ ಅಂದಂಗೆ ತಾನೆ?’ ಎಂದು ಕೇಳಿದರು.

‘ಅಲ್ಲ ಯಜಮಾನ್ರೇ. ನಂಬಿಕೆ ಕೆಡಬಾರ್ದು ಅಂತಲೇ ಕಾಗದ,’ ಎಂದರು ಶೆಟ್ಟರು. ನನಗೆ ಆ ಉತ್ತರ ಬಹಳ ಹಿಡಿಸಿತು. ಇಂಥ ಅಧ್ಯಕ್ಷರ ಕೈಕೆಳಗೆ ಕೆಲಸ ಮಾಡುವುದೇ ಭಾಗ್ಯ ಎಂದುಕೊಂಡೆ. ಮೂರು ಗುರಿಗಳಲ್ಲಿ ಓಡಾಟವೆಲ್ಲ ನನ್ನದು ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು.

ಅಳತೆಯ ಕೆಲಸವನ್ನು ಗೌರಿಬಿದನೂರಿನಿಂದ ಶುರು ಮಾಡಿದೆ. ಬಟ್ಟೆಯ ಟೇಪು ಹಿಡಿದು ಬಜಾರಿನ ಮೊದಲ ಅಂಗಡಿಯ ಮುಂದೆ ನಿಂತು ಅಗಲ ಅಳೆದೆ, ಬರೆದುಕೊಂಡೆ. ಯಾರಿಗೂ ಮುಂಚಿತವಾಗಿ ಹೇಳಿರಲಿಲ್ಲ. ಹೇಳಬೇಕೆಂದು ಶೆಟ್ಟರಿಗೂ ತೋಚಿರಲಿಲ್ಲ, ನನಗೂ ತೋಚಿರಲಿಲ್ಲ. ಮೂರನೆಯ ಅಂಗಡಿಗೆ ಬರುವಷ್ಟರಲ್ಲಿ ರಸ್ತೆ ಅಗಲ ಮಾಡಲು ಸರ್ಕಾರದವನು ಬಂದಿದ್ದಾನೆ ಎಂದು ಇಡೀ ಬೀದಿಗೆ ಸುದ್ದಿ. ಸೊಪ್ಪು ಮಾರುವವಳು ತನ್ನ ಬುಟ್ಟಿ ಎತ್ತಿಕೊಂಡು ಓಡಿದಳು. ಮೊರ, ಚಾಪೆ ಮಾರುವ ಅಂಗಡಿಯವನು ಏಣಿ ಹತ್ತಿ ತನ್ನ ತಗಡಿನ ಚಪ್ಪರವನ್ನು ತಾನೇ ಬಿಚ್ಚತೊಡಗಿದ. ಎಣ್ಣೆ ಅಂಗಡಿಯ ಯಜಮಾನರು ಓಡಿ ಬಂದು ನನ್ನ ಟೇಪಿನ ತುದಿ ಹಿಡಿದುಕೊಂಡರು. ‘ಏಮಯ್ಯಾ, ಮಾ ಅಂಗಡಿ ಪಗಲಗೊಡ್ತಾರಾ? ಒಡೀತೀರಾ ನಮ್ಮಂಗಡೀನ?’

‘ಇಲ್ಲಪ್ಪ, ಸಂಘದವನು ನಾನು, ಸುಮ್ನೆ ಅಳೀತಾ ಇದ್ದೀನಿ,’ ಎಂದೆ.

‘ಸುಮ್ನೆ ಯಾರಾದ್ರೂ ಅಳೀತಾರೇನಯ್ಯ? ಹೆಣ ಅಳೀತಾರೆ, ಇಲ್ಲಾಂದ್ರೆ ಜಮೀನು ಅಳೀತಾರೆ!’

ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಬೀದಿಯ ಅರ್ಧ ಅಂಗಡಿಗಳ ಹಲಗೆ ಬಾಗಿಲು ಬಿದ್ದಿತ್ತು. ಆಗ ಶಟರ್ ಎಂಬುದು ನಮ್ಮ ಕಡೆ ಇರಲಿಲ್ಲ, ಉದ್ದುದ್ದ ಹಲಗೆಗಳನ್ನು ಒಂದರ ಪಕ್ಕ ಒಂದು ಸೇರಿಸಿ ಅಂಗಡಿ ಮುಚ್ಚುವುದು. ಆ ಹಲಗೆಗಳ ಟಪಟಪ ಸದ್ದು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಓಡಿದ್ದು ನನಗೆ ಈಗಲೂ ಕೇಳಿಸುತ್ತದೆ. ಚಪ್ಪರ ಬಿಚ್ಚಿದವನು ನನ್ನಿಂದಲೇ ಮತ್ತೆ ಕಟ್ಟಿಸಿದ. ಕೆಳಗೆ ನಿಂತು ಹಗ್ಗ ಕೊಟ್ಟೆ, ಇನ್ನೇನು ಮಾಡಲಿ? ಹುಡುಗರಿಗೆ ಹೇಳುವುದಿಷ್ಟೆ: ಟೇಪು ಹೊರಗೆ ತೆಗೆಯುವ ಮೊದಲು ಕಾಫಿ ಕುಡಿಯಿರಿ, ನಾಲ್ಕು ಜನರ ಜೊತೆ ಮಾತಾಡಿ.

ಬೀಗ ಬಿದ್ದ ಮಳಿಗೆಗಳಲ್ಲಿ ಹೆಚ್ಚು ಕಾಡಿದ್ದು ಶಿಡ್ಲಘಟ್ಟದ್ದು. ರೇಷ್ಮೆಗೂಡಿನ ಮಾರುಕಟ್ಟೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ದಕ್ಷಿಣಕ್ಕೆ ಬಾಗಿಲು, ಮೇಲಾಗಿ ಅಲ್ಲಿ ಅಂಗಡಿ ಇಟ್ಟವರೆಲ್ಲ ಕೈ ಸುಟ್ಟುಕೊಂಡಿದ್ದರು. ಶೆಟ್ಟರು ಹೋಮ ಮಾಡಿಸಲು ಒಪ್ಪಲಿಲ್ಲ. ‘ಮೂಢನಂಬಿಕೆಗೆ ಸಂಘ ಸೌದೆ ಒಟ್ಟಲ್ಲ,’ ಎಂದರು. ಮಾತು ಸರಿ, ಆದರೆ ಮಳಿಗೆಗೆ ಗಿರಾಕಿ ಬರಲಿಲ್ಲ. ಕೊನೆಗೆ ರೇಷ್ಮೆ ನೂಲು ತೆಗೆಸುವ ಬಾಷಾ ಸಾಹೇಬರ ಹತ್ತಿರ ಹೋಗಿ ಗೋಗರೆದೆ.

‘ಅಂಗಡಿ ನಕ್ಕೋ, ಬೇಡ ರಾಯರೆ,’ ಎಂದರು ಅವರು. ‘ಗೋದಾಮು ಅಂತ ಕೊಡಿ. ಗೋದಾಮಿಗೆ ದಿಕ್ಕು ಯಾವ್ದಾದ್ರೆ ಏನು? ಅದ್ರಲ್ಲಿ ಇರೋದು ಇಲಿ. ಇಲಿ ಯಾವ ಬಾಗಿಲಿಂದಾನೂ ಬರುತ್ತೆ.’

ಗೋದಾಮು ಎಂದೇ ಕೊಟ್ಟೆವು. ಸ್ವಲ್ಪ ಕಾಲದ ಮೇಲೆ ಸಾಹೇಬರು ಒಂದು ಹಲಗೆ ತೆಗೆದು ಕೂತರು. ಆಮೇಲೆ ಇನ್ನೊಂದು ಹಲಗೆ. ಹಾಗೇ ಅದು ಅಂಗಡಿಯಾಯಿತು, ವ್ಯಾಪಾರವೂ ಕುದುರಿತು. ಆಮೇಲೆ ಅದೇ ಬೀದಿಯಲ್ಲಿ ‘ದಕ್ಷಿಣದ ಬಾಗಿಲಿದ್ರೆ ಹೇಳಿ ಸ್ವಾಮಿ’ ಎಂದು ಕೇಳಿಕೊಂಡು ಬಂದವರನ್ನೂ ಕಂಡಿದ್ದೇನೆ.

ಉಳಿದದ್ದು ಕರಾರುಪತ್ರ. ಶೆಟ್ಟರ ಮನಸ್ಸೆಲ್ಲ ಇದ್ದದ್ದು ಅದರ ಮೇಲೆ. ಒಕ್ಕಣೆಯನ್ನು ತಾವೇ ಬರೆದು ಅಚ್ಚು ಹಾಕಿಸಿದರು. ಮಾಲೀಕರು ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಮನೆಗೆ ಹೋಗುತ್ತಿದ್ದರೇ ಹೊರತು ಒಬ್ಬನೂ ಸಹಿ ಹಾಕಿಸಲಿಲ್ಲ. ‘ನೀವು ಮೊದ್ಲು ಹಾಕಿ, ಆಮೇಲೆ ನಾವು’ ಎಂಬ ರಾಗ. ‘ಸರಿ, ನನ್ನ ಮಳಿಗೆಯಿಂದಲೇ ಶುರುವಾಗಲಿ,’ ಎಂದರು ಶೆಟ್ಟರು.

ಚಿಂತಾಮಣಿಯ ಅವರ ಸಾಲಿನಲ್ಲಿ ಮೂಲೆಯ ಮಳಿಗೆ ಆಗಷ್ಟೇ ಖಾಲಿಯಾಗಿತ್ತು. ಹಿಂದೂಪುರದ ಕಡೆಯಿಂದ ಬಂದ ಓಬಳರೆಡ್ಡಿ ಎಂಬ ಯುವಕ ಪಂಪ್‌ಸೆಟ್ಟಿನ ಅಂಗಡಿ ಇಡಲು ಅದನ್ನು ಕೇಳಿದ್ದ. ಒಳ್ಳೆಯ ಹುಡುಗ, ಮಾತಿನಲ್ಲಿ ವಿನಯ. ಆ ಮೂಲೆ ಮಳಿಗೆಯ ಜಗಲಿಯ ಮೇಲೆ ಇದ್ದವಳು ಬಳೆ ಅಕ್ಕಯ್ಯಮ್ಮ. ದೊಡ್ಡ ಶೆಟ್ಟರು ಮಳಿಗೆ ಕಟ್ಟಿಸಿದ ಹೊಸತರಲ್ಲಿ, ‘ನೀನಿರೋಗಂಟ ಈ ಜಗಲಿ ನಿಂದು ಕಣಮ್ಮ’ ಎಂದು ಕೂರಿಸಿದ್ದರಂತೆ. ಗಂಡ ಬಳೆ ಪೋಣಿಸಿದ ಮಲಾರ ಹೆಗಲಿಗೇರಿಸಿ ಅಂಬಾಜಿದುರ್ಗದ ಸುತ್ತಿನ ಹಳ್ಳಿ ತಿರುಗುತ್ತಿದ್ದ. ಈಕೆಗೆ ಮಂಡಿನೋವು, ನಡೆಯಲಾರಳು. ಸಂತೆಯ ದಿನ ಹಳ್ಳಿಯ ಹೆಣ್ಣುಮಕ್ಕಳು ಅವಳ ಮುಂದೆ ಸಾಲಾಗಿ ಕೂರುತ್ತಿದ್ದರು. ಕೈ ಹಿಡಿದು, ಮೆಲ್ಲಗೆ ಹಿಂಡಿ, ಮಾತಿಗೆಳೆದು ನಗಿಸುತ್ತ ನೋವಾಗದಂತೆ ಬಳೆ ಏರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಕೊನೆಗೆ ಕೊಸರು ಎಂದು ಒಂದು ಬಳೆ ಹೆಚ್ಚು.

ಸಹಿ ಹಾಕುವ ದಿನ ನಾಲ್ಕು ಊರಿನ ಮಾಲೀಕರೂ ಬಂದಿದ್ದರು. ಮಳಿಗೆಯ ಮುಂದೆ ನಿಂತು ನಾನು ಕರಾರನ್ನು ಗಟ್ಟಿಯಾಗಿ ಓದಿದೆ. ಚಕ್ಕುಬಂದಿಯನ್ನು, ಅಂದರೆ ನಾಲ್ಕು ಕಡೆಯ ಎಲ್ಲೆಯನ್ನು, ಶೆಟ್ಟರು ಹಳೆಯ ಕ್ರಯಪತ್ರದಿಂದ ಹಾಗೇ ಇಳಿಸಿಕೊಂಡಿದ್ದರು. ‘ಪೂರ್ವಕ್ಕೆ ರಸ್ತೆ’ ಎಂದು ಶುರು ಮಾಡಿ ನಾಲ್ಕೂ ದಿಕ್ಕು ಓದಿದೆ. ಸಹಿ ಬಿತ್ತು. ವೀಳ್ಯದೆಲೆಯ ಮೇಲೆ ಬೀಗದ ಕೈ ಇಟ್ಟಾಗ, ರೆಡ್ಡಿಯನ್ನು ಕರೆತಂದಿದ್ದ ದಲ್ಲಾಳಿ, ‘ಆ ಮಾತು ಹೇಳಿಬಿಡಿ ಶೆಟ್ರೇ, ಹೊಸಿಲೊಳಗೆ...’ ಎಂದು ನೆನಪಿಸಿದ.

‘ಎಲ್ಲಾ ಬರೆದಿದೆಯಲ್ಲಯ್ಯ, ಇನ್ನು ಬಾಯಿಪಾಠ ಯಾಕೆ?’ ಎಂದು ಶೆಟ್ಟರು ನಕ್ಕರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಕ್ಕಯ್ಯಮ್ಮ ಅಲ್ಲೇ ಜಗಲಿಯ ಮೇಲೆ ಯಾರಿಗೋ ಬಳೆ ತೊಡಿಸುತ್ತಿದ್ದಳು, ಅವಳೂ ನಕ್ಕಳು. ಅಷ್ಟು ಜನ ಮಾಲೀಕರು, ಮೂರು ತಲೆಮಾರಿನ ವ್ಯಾಪಾರಸ್ಥರು, ಒಬ್ಬ ಲಾ ಓದಿದ ಅಧ್ಯಕ್ಷ, ಒಬ್ಬ ಬಾಯಿಬಡುಕ ಕಾರ್ಯದರ್ಶಿ, ಒಬ್ಬರಿಗೂ ಹೊಳೆಯಲಿಲ್ಲ. ಜಗಲಿ ಬಾಡಿಗೆಗೆ ಸೇರಿಲ್ಲ ಎಂದು ಹೇಳುತ್ತಿದ್ದುದು ಆ ಬಾಯಿಮಾತೊಂದೇ. ಅದನ್ನು ಬಿಟ್ಟೆವು, ಕಾಗದದಲ್ಲಿ ಬರೆಯಲೂ ಇಲ್ಲ. ಎಲ್ಲರಿಗೂ ಗೊತ್ತಿದ್ದ ಸಂಗತಿ ನೋಡಿ, ಬರೆಯಬೇಕೆಂದು ಯಾರಿಗೆ ತೋಚುತ್ತದೆ?

ಬೆಂಗಳೂರಿನಿಂದ ಶಟರ್ ಕೂರಿಸುವವನು ಬಂದಾಗ ನಮ್ಮ ತಪ್ಪು ಬಯಲಾಯಿತು. ಶಟರ್ ಎಲ್ಲಿ ಕೂರಿಸಬೇಕು ಎಂದು ಅವನು ಕೇಳಿದ. ರೆಡ್ಡಿ ಕಾಗದ ತೆಗೆದು ನೋಡಿ, ಜಗಲಿಯ ಅಂಚಿನಲ್ಲಿ, ರಸ್ತೆಗೆ ತಾಗಿದಂತೆ ಗೀಟು ಎಳೆಸಿದ. ಸುದ್ದಿ ತಿಳಿದು ನಾನೂ ಶೆಟ್ಟರೂ ಮೊದಲ ರೈಲಿಗೆ ಹೋದೆವು.

‘ಏನ್ ಸೀತಾರಾಮಪ್ಪ,’ ಎಂದಳು ಅಕ್ಕಯ್ಯಮ್ಮ ನನ್ನನ್ನು ಕಂಡೊಡನೆ, ‘ನಾನು ಕೂತಿದ್ದಂಗೇ ನನ್ ಮುಂದೆ ಗೀಟು ಎಳ್ದವ್ರೆ. ನಾನೇನು ಗೋಡೇನಾ?’

ರೆಡ್ಡಿ ಶೆಟ್ಟರಿಗೆ ಕುರ್ಚಿ ತರಿಸಿ ಹಾಕಿದ. ‘ಅಣ್ಣಾ, ನಾನು ಜಬರ್ದಸ್ತಿ ಮಾಡ್ತಾ ಇಲ್ಲ. ಬರೆದದ್ದೇ ಕೊನೆ ಅಂತ ಸಂಘದಲ್ಲಿ ಎಲ್ರ ಮುಂದೆ ಹೇಳಿದ್ದು ನೀವೇ ಕದಾ? ಪೂರ್ವಕ್ಕೆ ರಸ್ತೆ ಅಂತ ಐತೆ. ರಸ್ತೆವರ್ಗೂ ನಂದು. ಅದೇ ಅಳತೆ ಕಂಪನಿಯೋರಿಗೆ ಕಳಿಸಿದ್ದೀನಿ, ಅದಕ್ಕೆ ತಕ್ಕಂಗೆ ಸಾಮಾನು ಹೊರಟೈತೆ. ಈಗ ನೀವು ಕಾಗದ ಸುಳ್ಳು ಅಂದ್ರೆ ನಾನು ಏನು ಹೇಳ್ಲಿ ಅವರಿಗೆ?’

ಅವನದು ತಪ್ಪು ಎನ್ನಲು ನನ್ನಿಂದಲೂ ಆಗಲಿಲ್ಲ. ಎದುರುಗಡೆ ಹೋಟೆಲಿನ ಬಾಗಿಲಲ್ಲಿ ಊರಿನ ಮಾಲೀಕರು ಕೈಕಟ್ಟಿ ನಿಂತು ನೋಡುತ್ತಿದ್ದರು. ‘ಶೆಟ್ರು ತಮ್ ಕಾಗದಾನ ತಾವೇ ಹರೀತಾರೇನೋ ನೋಡಣ’ ಎಂದು ಒಬ್ಬ ಹೇಳಿದ್ದು ನನಗೆ ಕೇಳಿಸಿತು, ಶೆಟ್ಟರಿಗೂ ಕೇಳಿಸಿತು.

ಅವರು ಅಕ್ಕಯ್ಯಮ್ಮನ ಹತ್ತಿರ ಹೋದರು. ‘ನೋಡಮ್ಮ, ಸಾಲಿನ ಆ ಕೊನೇಲಿ ಸಣ್ಣದೊಂದು ಮಳಿಗೆ ಇದೆ. ಅದನ್ನ ನಿನಗೆ ಬಿಟ್ಟುಕೊಡ್ತೀನಿ. ಒಳಗೆ ಫ್ಯಾನ್ ಹಾಕಿಸ್ತೀನಿ.’

‘ಫ್ಯಾನು ಯಾರಿಗೆ ಬೇಕು ಸಾಮಿ? ಅಂಗಡಿ ಒಳಕ್ಕೆ ಬರ್ಬೇಕಂದ್ರೆ ನಮ್ ಹೆಣ್ಮಕ್ಳು ಗಂಡನ್ ಕೇಳ್ಬೇಕು, ಅತ್ತೇನ್ ಕೇಳ್ಬೇಕು. ಜಗಲಿ ಮ್ಯಾಲೆ ಕೂರಕ್ಕೆ ಯಾರ್ನೂ ಕೇಳಂಗಿಲ್ಲ. ದಣಿವಾಯ್ತು, ಕೂತಿದ್ದೆ ಅಂತಾರೆ. ಕೈಗೆ ಬಳೆ ಬಂದಿರ್ತೈತೆ.’

ಹಿಂದಿರುಗುವಾಗ ರೈಲಿನಲ್ಲಿ ನನಗೆ ತಡೆಯಲಾಗಲಿಲ್ಲ. ‘ಕರಾರು ಬದಲಾಯಿಸಿ. ರೆಡ್ಡಿಯ ಕಾಲಾದರೂ ಹಿಡಿಯೋಣ,’ ಎಂದೆ.

‘ಬೇರೆಯವರ ಮಳಿಗೆ ಆಗಿದ್ರೆ ನಾನೇ ಹಾಗೆ ಹೇಳ್ತಿದ್ದೆ. ನನ್ನದೇ ಆಯ್ತಲ್ರೀ. ತನ್ನ ಬುಡಕ್ಕೆ ಬಂದಾಗ ಕಾಗದ ಹರಿದ ಅಂತಾರೆ. ಆಮೇಲೆ ನಾಲ್ಕು ಊರಲ್ಲೂ ಒಬ್ಬನೂ ಕರಾರು ಮಾಡಲ್ಲ.’

‘ಹಾಗಾದ್ರೆ ಆಯಮ್ಮ ಎಲ್ಲಿಗೆ ಹೋಗ್ಬೇಕು? ನಿಮ್ಮ ಕಪ್ಪು ಹಲಗೆ ಮೇಲೆ ಹೋಗಿ ಕೂರ್ಬೇಕಾ?’ ಎಂದುಬಿಟ್ಟೆ. ಅಧ್ಯಕ್ಷರಿಗೆ ಹಾಗೆ ಹೇಳಬಾರದಿತ್ತು. ಆದರೆ ಹೇಳಿಯಾಗಿತ್ತು. ಅವರು ಸಿಟ್ಟಾಗಲಿಲ್ಲ, ಕಿಟಕಿಯ ಕಡೆ ತಿರುಗಿದರು.

ಶಟರ್ ಬಂತು. ರಸ್ತೆಗೆ ತಾಗಿದಂತೆಯೇ ಕೂತಿತು. ಅಕ್ಕಯ್ಯಮ್ಮ ಜಗಳವಾಡಲಿಲ್ಲ. ಬಳೆ ಬುಟ್ಟಿ ಎತ್ತಿಸಿಕೊಂಡು ಎದುರು ಬದಿಯ ಬಿಸಿಲಿಗೆ ಹೋದಳು. ಬೀದಿಯ ಧೂಳಿನಲ್ಲಿ, ಎತ್ತಿನಗಾಡಿಗಳ ಪಕ್ಕದಲ್ಲಿ ಕೈ ಚಾಚಿ ಕೂರಲು ಹೆಣ್ಣುಮಕ್ಕಳಿಗೆ ನಾಚಿಕೆ. ಸಂತೆಗೆ ಬಂದವರು ದೂರದಿಂದಲೇ ‘ಚೆನ್ನಾಗಿದ್ದೀಯ ಅಕ್ಕಯ್ಯಾ?’ ಎಂದು ಹೋಗುತ್ತಿದ್ದರು. ಸ್ವಲ್ಪ ಕಾಲ ನೋಡಿ ಅವಳು ಬರುವುದನ್ನೇ ಬಿಟ್ಟಳು. ನಾನು ಚಿಂತಾಮಣಿಗೆ ಹೋದಾಗ ಅವಳ ಮನೆಯ ಕಡೆ ಹೋಗಲು ಮುಖವಿರಲಿಲ್ಲ, ಸುತ್ತಿ ಬಳಸಿ ನಡೆಯುತ್ತಿದ್ದೆ. ಇತ್ತ ಮಾಲೀಕರು ಶೆಟ್ಟರನ್ನು ಹೊಗಳಿದ್ದೇ ಹೊಗಳಿದ್ದು. ‘ಅಬ್ಬಾ, ಗಟ್ಟಿ ಮನುಷ್ಯ, ಬರೆದಂಗೇ ನಡ್ಕೊಂಡ!’ ಹೊಗಳಿದವರು ತಮ್ಮ ಕರಾರಿಗೆ ಮಾತ್ರ ಸಹಿ ಹಾಕಿಸಲಿಲ್ಲ. ಜಗಲಿ ಹೋದೀತೆಂದು ಈಗ ಎಲ್ಲರಿಗೂ ಅಂಜಿಕೆ.

ಮೂಲೆ ಮಳಿಗೆಯ ಪಕ್ಕದಲ್ಲೇ ಒಂದು 'ಗಾದಿ ಕೋಣೆ' ಇತ್ತು. ದೊಡ್ಡ ಶೆಟ್ಟರು ಹಾಸಿದ ಗಾದಿಯ ಮೇಲೆ ಕೂತು ವ್ಯವಹಾರ ನೋಡುತ್ತಿದ್ದ ಜಾಗ ಅದು. ಬೀದಿಯ ಅಂಚಿನವರೆಗೂ ಗೋಡೆ, ಮುಂದೆ ಜಗಲಿಯಿರಲಿಲ್ಲ. ಅವರು ಹೋದ ಮೇಲೂ ಗಾದಿಯನ್ನು ಮಡಚದೆ, ದಿಂಬು ತೆಗೆಯದೆ ಹಾಗೇ ಇಟ್ಟಿದ್ದರು. ಒಂದು ದಿನ ಶೆಟ್ಟರು ಗಾರೆ ಕೆಲಸದವರನ್ನು ಕರೆಸಿ ಆ ಕೋಣೆಯ ಮುಂಗೋಡೆ ಬೀಳಿಸಲು ಹೇಳಿದರು. ಗೋಡೆಯನ್ನು ಒಳಕ್ಕೆ ತಂದು, ಅಷ್ಟು ಜಾಗದಲ್ಲಿ ಜಗಲಿ ಕಟ್ಟಬೇಕು. ಜಗಲಿಗೆ ಜಾಗ ಬಿಟ್ಟರೆ ಗಾದಿ ಹಾಸುವಷ್ಟು ಜಾಗ ಒಳಗೆ ಉಳಿಯುವುದಿಲ್ಲ.

ಅವರ ತಾಯಿ ಚಿಕ್ಕಬಳ್ಳಾಪುರದಿಂದ ಬಂದು ಗಾರೆಯವರ ಮುಂದೆ ನಿಂತರು. ‘ನಿಮ್ಮಪ್ಪ ಕೂತ ಜಾಗ ಕಣೋ ಅದು! ಬೇರೆ ಯಾವುದಾದ್ರೂ ಗೋಡೆ ಒಡೆಯೋ!’

‘ಅಪ್ಪ ಕೊಟ್ಟ ಜಾಗ ನನ್ನ ಕೈಯಿಂದ ಹೋಯ್ತಮ್ಮ. ಅದಕ್ಕೆ ಅಪ್ಪನ ಜಾಗದಿಂದಲೇ ತಗೋತಿದ್ದೀನಿ,’ ಎಂದರು ಶೆಟ್ಟರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದರು. ಗಾದಿಯನ್ನು ತಾವೇ ಸುತ್ತಿಸಿ ಗಾಡಿಗೆ ಹಾಕಿಸಿದರು.

ಜಗಲಿಯ ಗಾರೆ ಒಣಗಿದ ಮೇಲೆ ಸಂಘದ ಸಭೆಯನ್ನು ಚಿಂತಾಮಣಿಯಲ್ಲೇ ಕರೆದರು. ಅಕ್ಕಯ್ಯಮ್ಮನನ್ನು ಕರೆತರಲು ನಾನು ಹೋದೆ. ಎರಡು ಮಾತು ಬೈದಳು, ಆಮೇಲೆ ಹೊರಟಳು. ಗಂಡನ ತೋಳು ಹಿಡಿದು ಮೆಲ್ಲಗೆ ನಡೆದು ಬಂದಳು. ಹೊಸ ಜಗಲಿಗೆ ಶೆಟ್ಟರು ಒಳ್ಳೆಯ ಕಡಪಾ ಕಲ್ಲು ಹಾಕಿಸಿದ್ದರು, ಮೇಲೆ ನೆರಳಿಗೆ ತಗಡು. ಅವರ ಮುಖದಲ್ಲಿ ಬಹಳ ದಿನಗಳ ಮೇಲೆ ಕಳೆ ಇತ್ತು.

‘ಅಕ್ಕಯ್ಯಮ್ಮ,’ ಎಂದರು ಎಲ್ಲರ ಮುಂದೆ, ‘ಇದು ನಿನ್ನದು. ನಾನಿರೋವರೆಗೂ ನಿನ್ನನ್ನ ಇಲ್ಲಿಂದ ಯಾರೂ ಏಳಿಸಲ್ಲ. ಇದು ನನ್ನ ಮಾತು. ಕೂತ್ಕೊಳಮ್ಮ.’

ಅವಳು ಕೂರಲಿಲ್ಲ. ಕಲ್ಲಿನ ಮೇಲೆ ಅಂಗೈ ಆಡಿಸಿ ನೋಡಿದಳು. ತಗಡು ನೋಡಿದಳು. ಆಮೇಲೆ, ‘ಬರ್ದುಕೊಡಿ ಸಾಮಿ,’ ಎಂದಳು.

‘ಏನಮ್ಮ?’

‘ಆ ರೆಡ್ಡಿಗೆ ಕೊಟ್ರಲ್ಲ, ಅಂಥ ಕಾಗದ. ನಂಗೂ ಬರ್ದುಕೊಡಿ.’

‘ನಿನಗ್ಯಾಕಮ್ಮ ಕಾಗದ? ಇಷ್ಟು ಜನರ ಮುಂದೆ ಮಾತು ಕೊಡ್ತಾ ಇದ್ದೀನಲ್ಲ.’

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಳೆಯ ಅಳತೆ ಹೇಳುವ ಹಾಗೆ ಹೇಳಿದಳು. ‘ನಿಮ್ಮಪ್ಪೋರ ಮಾತಿಗೆ ಕಾಗದ ಬೇಕಾಗಿರ್ಲಿಲ್ಲ. ನಿಮ್ ಮಾತಿಗೆ ಬೇಕು.’

ಶೆಟ್ಟರು ಜೇಬಿನಿಂದ ಪೆನ್ನು ತೆಗೆದರು. ಆಮೇಲೆ ನನ್ನ ಕಡೆ ತಿರುಗಿ, ‘ಬರೀರಿ ಸೀತಾರಾಮಯ್ಯನವರೇ,’ ಎಂದರು. ಬಾಡಿಗೆಯಿಲ್ಲದೆ ಕರಾರು ನಿಲ್ಲುವುದಿಲ್ಲವಾದ್ದರಿಂದ ಬಾಡಿಗೆ ಏನೆಂದು ಬರೆಯಲಿ ಎಂದೆ. ‘ಗೌರಿ ಹಬ್ಬಕ್ಕೆ ಶೆಟ್ರ ಮನೆ ಹೆಣ್ಮಕ್ಳಿಗೆಲ್ಲ ಬಳೆ’ ಎಂದು ಅವಳೇ ಹೇಳಿದಳು. ಹಾಗೇ ಬರೆದೆ. ಚಕ್ಕುಬಂದಿಯನ್ನು ಓದಿದಾಗ ತಡೆದು, ಪ್ರತಿ ದಿಕ್ಕಿಗೂ ಕೈ ತೋರಿಸಿ, ‘ಇಲ್ಲೀವರ್ಗೂನಾ? ಇಲ್ಲೀವರ್ಗೂನಾ?’ ಎಂದು ಕೇಳಿ, ಇನ್ನೊಮ್ಮೆ ಓದಿಸಿದಳು. ಹೆಬ್ಬೆಟ್ಟು ಒತ್ತಿ, ಶಾಯಿಯ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಮಂಡಿ ಹಿಡಿದುಕೊಂಡು ಕೂತಳು.

ಶೆಟ್ಟರು ಸಹಿ ಹಾಕಿ ಪೆನ್ನು ಮುಚ್ಚುವ ಮೊದಲೇ ಮಾಲೀಕರು ನನ್ನ ಸುತ್ತ ಮುತ್ತಿಕೊಂಡರು. ‘ನಂಗೊಂದು ಕೊಡಿ, ಜಗಲಿ ಬಿಟ್ಟು ಅಂತ ಬರೀರಿ,’ ‘ನಮ್ ದರ್ಜಿಗೂ ಒಂದು ಬೇಕು.’ ಜಗಲಿಯವರೂ ಬಂದರು. ಚಪ್ಪಲಿ ಹೊಲಿಯುವವನು ಉಳಿ ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದ. ತಂದಿದ್ದ ಅಚ್ಚಿನ ಕಾಗದಗಳೆಲ್ಲ ಖರ್ಚಾಗಿ ಬಿಳಿ ಹಾಳೆಯಲ್ಲಿ ಬರೆಯಬೇಕಾಯಿತು. ವರ್ಷವೆಲ್ಲ ಊರೂರು ಅಲೆದರೂ ಆಗದ್ದು ಒಂದೇ ಮಧ್ಯಾಹ್ನದಲ್ಲಿ ಆಗಿಹೋಯಿತು.

ಸಂಜೆ ರೈಲಿನಲ್ಲಿ ನನಗೆ ಸಂತೋಷ ತಡೆಯಲಾಗಲಿಲ್ಲ. ‘ಗೆದ್ದಿರಿ ಶೆಟ್ರೇ! ಇನ್ನು ನಾಲ್ಕು ಊರಲ್ಲೂ ಕಾಗದವಿಲ್ಲದೆ ಒಂದು ಮಳಿಗೆ ಕೈ ಬದಲಾಗಲ್ಲ. ನೀವು ಅಂದುಕೊಂಡ ಹಾಗೇ ಆಯ್ತು,’ ಎಂದೆ.

‘ಹೂಂ. ಆಯ್ತು,’ ಎಂದರು. ಕೈಯಲ್ಲಿದ್ದ ಅಕ್ಕಯ್ಯಮ್ಮನ ಕರಾರಿನ ಪ್ರತಿಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಶಿಡ್ಲಘಟ್ಟ ದಾಟಿದ ಮೇಲೆ ಕೇಳಿದರು.

‘ಅಪ್ಪ ಇದ್ದಿದ್ರೆ ಒಬ್ಬರೂ ಕಾಗದ ಕೇಳ್ತಿರ್ಲಿಲ್ಲ ಅಲ್ವೇನ್ರಿ?’

ನಾನು ಯಾರಿಗಾದರೂ ಥಟ್ಟನೆ ಉತ್ತರ ಕೊಡುವವನು. ಅಂದು ಅವರ ಕೈಯಿಂದ ಆ ಪ್ರತಿಯನ್ನು ತೆಗೆದುಕೊಂಡು, ಉಳಿದ ಕರಾರುಗಳ ಜೊತೆ ನನ್ನ ಚೀಲಕ್ಕೆ ಸೇರಿಸಿದೆ.